ಗ್ರಾಮಶಾಲೆಯೂ ಮೇಷ್ಟ್ರೂ: ಸಂತೆಬಾಚಹಳ್ಳಿ ಸೀಮೆಯ ಒಂದು ವೃತ್ತಾಂತ

ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲೊಂದಾದ ಸಂತೆಬಾಚಹಳ್ಳಿಯೂ ಅದರ ಸುತ್ತಣ ಗ್ರಾಮಗಳೂ ತಮ್ಮ ಚರಿತ್ರೆಯನ್ನು ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿದ ಸೀಮೆಗೆ ಸೇರಿದವು. ಊರಿನ ಮಹಾಲಿಂಗೇಶ್ವರನ ಗುಡಿ, ಸಮೀಪದ ಅಘಲಯದ ಮಲ್ಲೇಶ್ವರ, ಕಿಕ್ಕೇರಿಯ ಬ್ರಹ್ಮೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ಹೀಗೆ ಹೊಯ್ಸಳರ ಕಾಲದ ದೇವಾಲಯಗಳು ಈ ತಾಲ್ಲೂಕಿನ ಉದ್ದಗಲಕ್ಕೂ ಹರಡಿಕೊಂಡಿವೆ. ಗುಡಿಯನ್ನು ಕಟ್ಟಿಸಿದ ದಂಡನಾಯಕನಾರು, ನಂದಾದೀವಿಗೆಗೆ ಎಣ್ಣೆಯನ್ನು ಬಿಟ್ಟವರಾರು, ಯಾವ ಕೆರೆಯ ಕೆಳಗಣ ಎಷ್ಟು ಗದ್ದೆ ದತ್ತಿಯಾಯಿತು ಎಂಬುದನ್ನು ಹೇಳುವ ಶಾಸನಗಳು ಈ ನಾಡಿನಲ್ಲಿ ಹೇರಳವಾಗಿ ದೊರೆಯುತ್ತವೆ. ಆದರೆ ಇದೇ ನೆಲದ ಒಕ್ಕಲುಮಕ್ಕಳ ಕೈಹಿಡಿದು ಮೊದಲ ಅಕ್ಷರವನ್ನು ತಿದ್ದಿಸಿದವರ ಹೆಸರನ್ನು ಯಾವ ಕಲ್ಲೂ ಹೊತ್ತಿಲ್ಲ. ಶಾಲೆಯೆಂಬ ಸಂಸ್ಥೆಯ ಚರಿತ್ರೆಯಲ್ಲಿ ಒಂದರ್ಧವು ಸರ್ಕಾರದ ಆಜ್ಞೆಗಳಲ್ಲಿಯೂ ಇನ್ನೊಂದರ್ಧವು ಊರವರ ನೆನಪಿನಲ್ಲಿಯೂ ಇರುವುದರಿಂದ, ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ ಹೊರತು ಹಳ್ಳಿಯ ಮೇಷ್ಟ್ರು ನಮ್ಮ ಕಣ್ಣಿಗೆ ಬೀಳುವಂತಿಲ್ಲ. ಅಂಥ ಪ್ರಯತ್ನವೊಂದನ್ನು ಈ ಸ್ಮರಣ ಸಂಚಿಕೆಯ ನಿಮಿತ್ತದಿಂದ ಇಲ್ಲಿ ಕೈಗೊಂಡಿದೆ.

ವಿದ್ಯಾದಾನವು ನಮ್ಮ ಸೀಮೆಗೆ ಇಂಗ್ಲಿಷರ ಆಡಳಿತದೊಡನೆ ಬಂದುದಲ್ಲ. ಬಾಲಶಿಕ್ಷೆಗೆಂದು ದತ್ತಿ ಬಿಡುವ ಸಂಪ್ರದಾಯವು ಕರ್ಣಾಟಕದ ಶಾಸನಗಳಲ್ಲಿ ಪ್ರಸಿದ್ಧವಾಗಿಯೇ ಇದೆ. ಹೊಯ್ಸಳರ ದಂಡನಾಯಕನಾದ ಪೆರುಮಾಳೆಯು ಹದಿಮೂರನೆಯ ಶತಮಾನದ ಕೊನೆಯಲ್ಲಿ ಕಾವೇರಿಯ ತೀರದ ಮಾಲಂಗಿಯಲ್ಲಿ ವೇದಾಧ್ಯಾಪಕರೊಡನೆ ಕನ್ನಡ, ನಾಗರ, ತಿಗುಳ, ಆರ್ಯ ಭಾಷೆಗಳನ್ನು ಮಕ್ಕಳಿಗೆ ಹೇಳಿಕೊಡುವ ಉಪಾಧ್ಯಾಯರಿಗೂ ವೃತ್ತಿಯನ್ನು ಕಲ್ಪಿಸಿದನೆಂಬುದು ಅದಕ್ಕೊಂದು ನಿದರ್ಶನ. ಅಗ್ರಹಾರ, ಮಠ, ದೇವಾಲಯಗಳ ಆಶ್ರಯದಲ್ಲಿ ಬಾಳಿದ ಈ ಪದ್ಧತಿಯು ರಾಜ್ಯಗಳು ಅಳಿದ ಮೇಲೆಯೂ ಅಳಿಯದೆ, ಊರವರ ಕಾಳುಕಡ್ಡಿಯ ಮೇಲೆ ನಡೆಯುವ ಕೂಲಿಮಠದ ರೂಪವನ್ನು ತಾಳಿ, ಹತ್ತೊಂಬತ್ತನೆಯ ಶತಮಾನವನ್ನು ದಾಟಿ ಇಪ್ಪತ್ತನೆಯದರ ಮೊದಲ ದಶಕಗಳವರೆಗೂ ಬಂದಿತು.

ಕೂಲಿಮಠಕ್ಕೆ ಸ್ವಂತ ಕಟ್ಟಡವೆಂಬುದು ಇದ್ದುದು ಕಡಮೆ. ಗುಡಿಯ ಪಡಸಾಲೆ, ಊರ ಚಾವಡಿ, ಪಟೇಲರ ಅಥವಾ ಶಾನುಭೋಗರ ಮನೆಯ ಜಗಲಿ, ಇವುಗಳಲ್ಲಿ ಯಾವುದು ದೊರೆತರೆ ಅದೇ ಪಾಠಶಾಲೆ. ಅಲ್ಲಿ ಕುಳಿತವರು ಐಗಳು. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದಿ, ತರುವಾಯ ಹಲಗೆ ಬಳಪಕ್ಕೂ ಕಡತಕ್ಕೂ ಏರಿ, ಕಾಗುಣಿತ, ಒತ್ತಕ್ಷರ, ಮಗ್ಗಿ, ಅಮರಕೋಶಗಳನ್ನು ಬಾಯಿಪಾಠ ಮಾಡಿ, ಲೆಕ್ಕಾಚಾರ, ಪತ್ರ, ಕರಾರುಗಳನ್ನು ಬರೆಯುವಷ್ಟು ಕೈ ಕುದುರಿತೆಂದರೆ ಹುಡುಗನ ವಿದ್ಯಾಭ್ಯಾಸವು ಮುಗಿದಂತೆಯೇ. ಅಮಾವಾಸ್ಯೆ ಹುಣ್ಣಿಮೆಗಳಂದು ಮಠಕ್ಕೆ ರಜಾ. ಐಗಳ ಜೀವನೋಪಾಯವು ಸುಗ್ಗಿಯಲ್ಲಿ ಸಲ್ಲುವ ರಾಗಿ ಭತ್ತಗಳಿಂದಲೂ ಹಬ್ಬಹರಿದಿನಗಳ ತೆಂಗು ಬೆಲ್ಲಗಳಿಂದಲೂ ಸಾಗುತ್ತಿದ್ದಿತು. ಮಹಾನವಮಿಯ ದಿನಗಳಲ್ಲಿ ಮಕ್ಕಳನ್ನು ಸಿಂಗರಿಸಿ, ಸಾಲಾಗಿ ಕರೆದುಕೊಂಡು, ಮನೆಮನೆಯ ಮುಂದೆ ನಿಂತು ಚೌಪದವನ್ನು ಹಾಡಿಸಿ ಕಾಣಿಕೆಯನ್ನು ಪಡೆಯುವ ವಾಡಿಕೆಯೂ ಇದ್ದಿತು. ಆ ಹಾಡಿನ ಮೂಲಕವೇ ಮಗನ ನಾಲಗೆ ಎಷ್ಟು ತಿರುಗಿದೆಯೆಂಬುದನ್ನು ತಂದೆತಾಯಿಗಳು ಅಳೆಯುತ್ತಿದ್ದುದರಿಂದ ಅದನ್ನು ಊರೇ ನಡೆಸಿದ ಪರೀಕ್ಷೆಯೆಂದರೂ ಸಲ್ಲುತ್ತದೆ.

ಇಂಥ ಮಠಗಳ ಸ್ವರೂಪವನ್ನು ಕುರಿತು ಕನ್ನಡ ನಾಡಿನಿಂದ ಹೊರಟ ಅತ್ಯಂತ ಬೆಲೆಯುಳ್ಳ ಬರಹವೆಂದರೆ ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲರು ೧೮೨೩ರಲ್ಲಿ ಮದರಾಸಿನ ಸರ್ಕಾರಕ್ಕೆ ಸಲ್ಲಿಸಿದ ವರದಿ. ಅವರ ಜಿಲ್ಲೆಯಲ್ಲಿ ಆಗ ೫೩೩ ಪಾಠಶಾಲೆಗಳೂ ೬,೬೪೧ ಮಂದಿ ವಿದ್ಯಾರ್ಥಿಗಳೂ ಇದ್ದರು. ಅವರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಕೇವಲ ೬೦. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರೆಂದೂ, ಎರಡನೆಯವನ ಅಂಗೈಗೆ ಸೊನ್ನೆಯೆಂದೂ, ಮೂರನೆಯವನಿಂದ ಮುಂದಕ್ಕೆ ಬೆತ್ತದ ಪೆಟ್ಟು ಒಂದೊಂದಾಗಿ ಏರುತ್ತಿದ್ದಿತೆಂದೂ ಅವರು ಬರೆದಿರುವುದನ್ನು ಓದುವಾಗ, ತಡವಾಗಿ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಹುಡುಗನ ಮುಖವೇ ಕಂಡಂತಾಗುತ್ತದೆ. ಮುಂದುವರಿದ ವಿದ್ಯಾರ್ಥಿಗಳಿಂದಲೇ ಎಳೆಯರಿಗೆ ಪಾಠ ಹೇಳಿಸುವ ಇಲ್ಲಿಯ ಕ್ರಮವನ್ನು ಇಂಗ್ಲೆಂಡೂ ಅನುಕರಿಸಿದೆಯೆಂದು ಮೆಚ್ಚಿಕೊಂಡ ಅದೇ ಅಧಿಕಾರಿ, ವಿಲಾಯಿತಿಯ ಬಟ್ಟೆ ಬಂದು ನೇಕಾರರ ಬಾಳು ಕೆಟ್ಟ ಮೇಲೆ ಐಗಳಿಗೆ ಕೊಡಲು ತಂದೆತಾಯಿಗಳ ಕೈಯಲ್ಲಿ ಕಾಸಿಲ್ಲದೆ ಮಠಗಳು ಮುಚ್ಚುತ್ತಿವೆಯೆಂದು ವಿಷಾದವನ್ನೂ ಸೂಚಿಸಿದ್ದಾರೆ. ಊರ ಹೊಟ್ಟೆ ತುಂಬಿದ್ದರೆ ಶಾಲೆ, ಇಲ್ಲವಾದರೆ ಇಲ್ಲ ಎಂಬ ಈ ಮಾತು ಬಳ್ಳಾರಿಗೆ ಹೇಗೋ ಹಾಗೆ ಮೈಸೂರು ಸೀಮೆಯ ಒಣ ಭೂಮಿಗೂ ಒಪ್ಪತಕ್ಕದ್ದೇ.

೧೮೫೪ರ ವುಡ್ಡರ ಶಿಕ್ಷಣ ನಿರೂಪವನ್ನು ಅನುಸರಿಸಿ ೧೮೫೭ರಲ್ಲಿ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯು ಹುಟ್ಟಿತು. ಮೊದಲ ಹತ್ತು ವರ್ಷಗಳಲ್ಲಿ ಅದರ ದೃಷ್ಟಿಯು ಪಟ್ಟಣಗಳ ಮೇಲೆಯೇ ನೆಟ್ಟಿದ್ದಿತು. ಹಳ್ಳಿಯ ಕಡೆಗೆ ಅದನ್ನು ತಿರುಗಿಸಿದವರು ಬಿ. ಎಲ್. ರೈಸರು. ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಜನಿಸಿ, ಕನ್ನಡವನ್ನು ಬಾಲ್ಯದಿಂದ ಬಲ್ಲವರಾಗಿದ್ದ ಇವರು ೧೮೬೮ರಲ್ಲಿ ಇಲಾಖೆಯ ಮುಖ್ಯಸ್ಥಾನಕ್ಕೆ ಬಂದೊಡನೆ, ಹೋಬಳಿಗೊಂದು ಶಾಲೆ ಇರತಕ್ಕದ್ದೆಂಬ ಯೋಜನೆಯನ್ನು ಮುಂದಿಟ್ಟರು. ಕಟ್ಟಡದ ಹೊಣೆ ಊರವರದು. ಉಪಾಧ್ಯಾಯನು ಆದಷ್ಟೂ ಆ ಸೀಮೆಯವನೇ ಆಗಿದ್ದು, ನಾರ್ಮಲ್ ಶಾಲೆಯಲ್ಲಿ ತರಬೇತಿಯನ್ನು ಪಡೆದು ಹಿಂದಿರುಗಬೇಕು. ಖರ್ಚಿಗೆ ಕಂದಾಯದೊಡನೆ ವಸೂಲಾಗುವ ಸ್ಥಳೀಯ ತೆರಿಗೆಯ ಒಂದು ಪಾಲು. ಹೊಸ ಶಾಲೆಯನ್ನು ಹಳೆಯ ಕೂಲಿಮಠದ ಬುಡದ ಮೇಲೆಯೇ ಕಸಿ ಮಾಡಿದ ಈ ಏರ್ಪಾಟಿನಿಂದ ಐಗಳೇ ಮೇಷ್ಟ್ರಾದರು. ಅಂದು ಅತ್ತಿಕುಪ್ಪೆ ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದ ನಮ್ಮ ತಾಲ್ಲೂಕಿನಂಥ ಒಳನಾಡಿಗೆ ಸರ್ಕಾರದ ಅಕ್ಷರವು ಕಾಲಿಟ್ಟುದು ಈ ಹೋಬಳಿ ಶಾಲೆಗಳ ಮಾರ್ಗವಾಗಿಯೇ.

ಇಲ್ಲೊಂದು ಸಂಗತಿ ಗಮನಾರ್ಹವಾಗಿದೆ. ಶಾಲೆಗಳ ತನಿಖೆಗೆಂದು ಕುದುರೆಯೇರಿ ಸಂಸ್ಥಾನವನ್ನು ಸುತ್ತುತ್ತಿದ್ದ ಕಾಲದಲ್ಲಿಯೇ ರೈಸರ ಕಣ್ಣಿಗೆ ಹೊಲದ ಬದುವಿನ, ಕೆರೆಯ ಏರಿಯ, ಪಾಳುಗುಡಿಯ ಶಾಸನಗಳು ಬಿದ್ದವು. ಆ ಆಸಕ್ತಿಯು ಬೆಳೆದು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಾಯಿತು, ೧೮೯೮ರಲ್ಲಿ ಪ್ರಕಟವಾದ ನಾಲ್ಕನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ ನಾಗಮಂಗಲಗಳ ಶಾಸನಗಳು ಸೇರಿವೆ. ಹೋಬಳಿ ಶಾಲೆಯನ್ನು ಕಲ್ಪಿಸಿದ ಕೈಯೇ ಈ ಸೀಮೆಯ ಕಲ್ಲುಗಳನ್ನು ಓದಿ ಅಚ್ಚು ಹಾಕಿಸಿತು. ಕಲ್ಲುಗಳಿಗೆ ದೊರೆತ ಆ ಭಾಗ್ಯವು ಮೇಷ್ಟ್ರುಗಳಿಗೆ ದೊರೆಯಲಿಲ್ಲ.

ತರುವಾಯದ ಆಜ್ಞೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೩ರ ಪ್ರಾಥಮಿಕ ಶಿಕ್ಷಣದ ಕಾನೂನಿನಿಂದ ಕಡ್ಡಾಯ ಶಿಕ್ಷಣಕ್ಕೆ ಅಡಿಪಾಯವು ಬಿದ್ದಿತು. ೧೯೩೦ರ ಕಾನೂನಿನಿಂದ ಪ್ರಾಥಮಿಕ ಶಾಲೆಗಳ ಆಡಳಿತವು ಸ್ಥಳೀಯ ಸಂಸ್ಥೆಗಳ ಕೈಗೆ ಹೋಗಿ, ೧೯೪೧ರಲ್ಲಿ ಮರಳಿ ಸರ್ಕಾರದ ವಶಕ್ಕೆ ಬಂದಿತು. ಈ ನಡುವೆ ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಮಂಡ್ಯ ಜಿಲ್ಲೆಯು ಬೇರ್ಪಟ್ಟುದರಿಂದ ನಮ್ಮ ಮೇಷ್ಟ್ರುಗಳ ವರ್ಗಾವಣೆಯ ವರ್ತುಲವೂ ಬದಲಾಯಿತು. ಆದರೆ ಊರಿನವರ ಮಟ್ಟಿಗೆ ಸರ್ಕಾರವೆಂಬುದಕ್ಕೆ ಎರಡು ಮುಖಗಳು ಮಾತ್ರ: ಕಂದಾಯ ಕೇಳುವ ಶಾನುಭೋಗರದೊಂದು, ಕೇಳದೆ ಕೊಡುವ ಮೇಷ್ಟ್ರದೊಂದು.

ಶಾಲೆಗೆ ಮಗುವನ್ನು ಸೇರಿಸುವ ದಿನದ ಚಿತ್ರವು ಈ ಪ್ರಾಂತ್ಯದ ಹಿರಿಯರೆಲ್ಲರ ಬಾಯಲ್ಲೂ ಹೆಚ್ಚುಕಡಮೆ ಒಂದೇ ತೆರನಾಗಿರುತ್ತದೆ. ಮಗುವು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಬೆರಳು ಕಿವಿಗೆ ತಗುಲಿದರೆ ವಯಸ್ಸಾಯಿತು, ತಗುಲದಿದ್ದರೆ ಮುಂದಿನ ವರ್ಷ. ಆಮೇಲೆ ದಾಖಲಾತಿ ಪುಸ್ತಕವು ತೆರೆಯುತ್ತಿದ್ದಿತು. ಹುಟ್ಟಿದ ದಿನವಾವುದೆಂದು ಕೇಳಿದರೆ, ‘ಪಿಳೇಗು ಬಂದು ಊರು ಬಿಟ್ಟು ಗುಡ್ಲು ಹಾಕಿದ್ವಲ್ಲ ಸ್ವಾಮಿ, ಅದರ ಮರುವರ್ಷ’ ಎಂದೋ, ‘ಕನ್ನಂಬಾಡಿ ಕಟ್ಟೆ ಕಟ್ಟೋವಾಗ, ರಾಗಿ ಕುಯ್ಲಿನಲ್ಲಿ’ ಎಂದೋ ಉತ್ತರವು ಬರುವುದು. ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿ, ಶಾಲೆಯ ವರ್ಷಕ್ಕೆ ಹೊಂದುವ ಒಂದು ತಾರೀಖನ್ನು ನಿಶ್ಚಯಿಸಿ ಬರೆಯುವರು. ಆ ತಾರೀಖೇ ಮುಂದೆ ಆ ಮನುಷ್ಯನ ಕೆಲಸಕ್ಕೂ ಬಡ್ತಿಗೂ ನಿವೃತ್ತಿಗೂ ಸಾಕ್ಷಿ. ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಹೊರಟು ಕಚೇರಿಗಳಲ್ಲಿ ಬಾಳನ್ನು ಸವೆಸಿದ ಎಷ್ಟೋ ಜನರ ಜನ್ಮದಿನವು ವಾಸ್ತವವಾಗಿ ಒಬ್ಬ ಮೇಷ್ಟ್ರ ಅಂದಾಜು. ಸಹಿಯೊತ್ತಿ, ಅಥವಾ ಹೆಬ್ಬೆಟ್ಟನ್ನೊತ್ತಿ, ಎದ್ದು ಹೊರಡುವಾಗ ತಂದೆಯು ತಪ್ಪದೆ ಹೇಳುತ್ತಿದ್ದ ಮಾತೊಂದಿದೆ: ‘ಕಣ್ಣೆರಡು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಮೇಷ್ಟ್ರೇ, ನಾಲ್ಕಕ್ಷರ ಬಂದ್ರೆ ಸಾಕು.’

ಆ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದವರಿಗೂ ಕೊರತೆಯಿರಲಿಲ್ಲವೆಂಬುದನ್ನು ಮರೆಮಾಚುವುದು ಸಂಸ್ಥೆಯ ಚರಿತ್ರೆಗೆ ಶೋಭೆಯಲ್ಲ. ಕೂಲಿಮಠದ ಕಾಲದಲ್ಲಿ ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ತೂಗಾಡುವ ಕೋದಂಡವೂ, ಬಗ್ಗಿದ ಬೆನ್ನಿನ ಮೇಲೆ ಕಲ್ಲನ್ನು ಹೇರುವ ಶಿಕ್ಷೆಯೂ ಇದ್ದುವು. ಹೋಬಳಿ ಶಾಲೆಯ ಕಾಲಕ್ಕೆ ಅವು ಅಳಿದು ಹುಣಿಸೆಯ ಬರಲೂ ಬೆಂಚಿನ ಮೇಲೆ ನಿಲ್ಲಿಸುವುದೂ ಉಳಿದುವು. ಏಟಿಗೆ ಹೆದರಿ ಹೊಲದ ಮಂಚಿಕೆಯ ಕೆಳಗೆ ಅಡಗಿ, ದನ ಮೇಯಿಸುವುದೇ ಮೇಲೆಂದು ನಿಂತುಹೋದ ಮಕ್ಕಳ ಸಂಖ್ಯೆಯು ಯಾವ ಹಾಜರಿ ಪುಸ್ತಕದಲ್ಲಿಯೂ ಸಿಕ್ಕುವುದಿಲ್ಲ. ಹಿರಿಯರು ಇಂದು ನಗುನಗುತ್ತ ಹೇಳುವ ಏಟಿನ ಕಥೆಗಳೆಲ್ಲವೂ ಉಳಿದುಕೊಂಡವರ ಕಥೆಗಳೆಂಬುದನ್ನು ಕೇಳುಗರು ನೆನಪಿನಲ್ಲಿಡಬೇಕು.

ಏಕೋಪಾಧ್ಯಾಯ ಶಾಲೆಯ ದಿನಚರಿಯು ಇಂದಿನವರಿಗೆ ನಂಬಲಾಗದಂಥದು. ಒಂದೇ ಕೊಠಡಿಯಲ್ಲಿ ನಾಲ್ಕು ತರಗತಿ. ಮೂರನೆಯವರು ಲೆಕ್ಕ ಮಾಡುತ್ತಿರುವಾಗ ನಾಲ್ಕನೆಯವರು ಒಂದನೆಯವರಿಗೆ ಕಾಗುಣಿತ ಹೇಳಿಕೊಡುವರು. ಎರಡನೆಯವರ ಮಗ್ಗಿಯ ಘೋಷವು ಈ ಎಲ್ಲದರ ಮೇಲೂ ತೇಲುವುದು. ವಾರಕ್ಕೊಮ್ಮೆ ಹೆಣ್ಣುಮಕ್ಕಳು ನೆಲವನ್ನು ಸಗಣಿಯಿಂದ ಸಾರಿಸಿದರೆ, ಗಂಡುಮಕ್ಕಳು ಇದ್ದಿಲನ್ನೂ ತೊಂಡೆಸೊಪ್ಪನ್ನೂ ಅರೆದು ಕಪ್ಪುಹಲಗೆಗೆ ಬಳಿಯುತ್ತಿದ್ದರು. ಆ ಹಸಿವಾಸನೆ ಆರುವ ತನಕ ಪಾಠವು ಹೊರಗಡೆ, ಮರದ ನೆರಳಿನಲ್ಲಿ. ಸಂತೆಯ ದಿನ ಹಾಜರಿಯು ಇಳಿಯುವುದು, ರಾಗಿ ಕುಯ್ಲಿನಲ್ಲಿ ಇನ್ನೂ ಇಳಿಯುವುದು. ಇನ್‌ಸ್ಪೆಕ್ಟರು ಬರುವ ಸುದ್ದಿ ಹುಟ್ಟಿತೆಂದರೆ ಮಾತ್ರ ಮೇಷ್ಟ್ರು ಮನೆಮನೆಗೆ ಹೋಗಿ, ಎತ್ತಿನ ಹಿಂದೆ ಹೊರಟ ಹುಡುಗನನ್ನೂ ತೊಟ್ಟಿಲು ತೂಗುತ್ತಿದ್ದ ಹುಡುಗಿಯನ್ನೂ ಕೈಹಿಡಿದು ಕರೆತರುವರು.

ಶಾಲೆಯ ಗಂಟೆ ಬಾರಿಸಿದ ಮಾತ್ರಕ್ಕೆ ಅವರ ಕೆಲಸ ಮುಗಿಯುತ್ತಿರಲಿಲ್ಲ. ಅನೇಕ ಹಳ್ಳಿಗಳಲ್ಲಿ ಅಂಚೆಯ ಚೀಲವೂ ಮೇಷ್ಟ್ರ ಸುಪರ್ದಿನಲ್ಲಿಯೇ ಇರುತ್ತಿದ್ದುದರಿಂದ ದೂರದೂರಿಗೆ ಹೋದ ಮಗನ ಕಾಗದವನ್ನು ತಾಯಿಗೆ ಓದಿ ಹೇಳುವವರೂ, ಅವಳು ಹೇಳಿದಂತೆ ಮಾರೋಲೆ ಬರೆಯುವವರೂ ಅವರೇ. ಒಂದು ಮನೆಯ ಗುಟ್ಟು ಇನ್ನೊಂದಕ್ಕೆ ಹೋಗದಂತೆ ಹೊಟ್ಟೆಯಲ್ಲಿಟ್ಟುಕೊಳ್ಳುವವರೂ ಅವರೇ. ಜನಗಣತಿಗೆ, ಯುದ್ಧಕಾಲದ ಪಡಿತರದ ಪಟ್ಟಿಗೆ, ಸ್ವಾತಂತ್ರ್ಯ ಬಂದ ಮೇಲೆ ಮತದಾರರ ಪಟ್ಟಿಗೆ, ಮತಗಟ್ಟೆಗೆ, ಎಲ್ಲಕ್ಕೂ ಮೇಷ್ಟ್ರು. ೧೯೪೦ರ ದಶಕದಲ್ಲಿ ವಯಸ್ಕರ ಶಿಕ್ಷಣದ ಆಂದೋಲನವು ಸಂಸ್ಥಾನದಲ್ಲಿ ಹಬ್ಬಿ, ಅದರ ‘ಬೆಳಕು’ ವಾರಪತ್ರಿಕೆಯು ಹೊರಟಾಗ, ಲಾಂದ್ರದ ಮುಂದೆ ಕುಳಿತ ದೊಡ್ಡವರಿಗೆ ಅದನ್ನು ಓದಿ ಹೇಳುವ ಹೊಣೆಯೂ ಬಹುಮಟ್ಟಿಗೆ ಇವರ ಮೇಲೆಯೇ ಬಿದ್ದಿತು. ಗಮಕ ಬಲ್ಲ ಮೇಷ್ಟ್ರಾದರೆ ರಾತ್ರಿ ಗುಡಿಯ ಜಗಲಿಯಲ್ಲಿ ಜೈಮಿನಿ ಭಾರತ. ಹಾರ್ಮೋನಿಯಂ ಬಲ್ಲವರಾದರೆ ಸುಗ್ಗಿಯ ಮೇಲೆ ಪೌರಾಣಿಕ ನಾಟಕ. ಓದು ಬಾರದ ಒಕ್ಕಲಿಗನೊಬ್ಬನಿಗೆ ದುರ್ಯೋಧನನ ಮಾತನ್ನು ತಿಂಗಳುಗಟ್ಟಲೆ ಬಾಯಿಗೆ ಹತ್ತಿಸಿ, ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿ ರಂಗಕ್ಕೆ ತರುವುದು ಯಾವ ಪಠ್ಯಕ್ರಮದಲ್ಲಿಯೂ ಇಲ್ಲದ ಭಾಷಾಶಿಕ್ಷಣ. ಮಂಡ್ಯದ ಹಳ್ಳಿಗಳಲ್ಲಿ ಇಂದಿಗೂ ಬತ್ತದ ನಾಟಕದ ಹುಚ್ಚಿಗೆ ಅದರ ಋಣವಿದೆ.

ಆದರೆ ಈ ಜಗಲಿಯು ಎಲ್ಲ ಮಕ್ಕಳಿಗೂ ಸಮನಾಗಿ ತೆರೆದಿರಲಿಲ್ಲ. ಗುಡಿಯ ಪಡಸಾಲೆಯಲ್ಲಿ ಶಾಲೆ ನಡೆಯುತ್ತಿದ್ದರೆ ಗುಡಿಯೊಳಕ್ಕೆ ಸೇರದವರ ಮಗುವು ಶಾಲೆಗೂ ಸೇರುವಂತಿರಲಿಲ್ಲ. ಪಂಚಮರೆಂದು ಆಗ ಕರೆಯಲ್ಪಡುತ್ತಿದ್ದವರ ಮಕ್ಕಳನ್ನು ಸರ್ಕಾರಿ ಶಾಲೆಗಳು ದೂರವಿಡಕೂಡದೆಂದು ೧೯೧೫ರಲ್ಲಿ ಮೈಸೂರು ಸರ್ಕಾರವು ಆಜ್ಞಾಪಿಸಿದಾಗ, ಸಂಸ್ಥಾನದ ಕೆಲವೆಡೆ ಉಳಿದವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಪ್ರತಿಭಟಿಸಿದರು. ಮೈಸೂರಿನಲ್ಲಿ ಇಂಥ ಮಕ್ಕಳ ಶಿಕ್ಷಣಕ್ಕಾಗಿ ಬಾಳನ್ನು ತೇದ ತಲಕಾಡು ರಂಗೇಗೌಡರನ್ನೂ ಗೋಪಾಲಸ್ವಾಮಿ ಅಯ್ಯರರನ್ನೂ ಕೃತಜ್ಞತೆಯಿಂದ ನೆನೆಯುವ ನಾವು, ಹೊರಗೆ ನಿಂತ ಮಗುವನ್ನು ಒಳಗೆ ಕರೆದು ಸಾಲಿನಲ್ಲಿ ಕೂರಿಸಿದ ಹಳ್ಳಿಯ ಮೇಷ್ಟ್ರನ್ನೂ, ಆಜ್ಞೆಯಿದ್ದರೂ ಊರಿಗಂಜಿ ಬಾಗಿಲ ಬಳಿಯೇ ಕೂರಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೆಣ್ಣುಮಕ್ಕಳ ವಿಚಾರವೂ ಹೀಗೆಯೇ. ಅಂಬಳೆ ನರಸಿಂಹಯ್ಯಂಗಾರ್ಯರು ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯನ್ನು ತೆರೆದರೂ, ಹಳ್ಳಿಯ ಹುಡುಗಿಯು ನಾಲ್ಕನೆಯ ತರಗತಿಯನ್ನು ದಾಟಲು ಎರಡು ತಲೆಮಾರು ಬೇಕಾಯಿತು. ಎಷ್ಟೋ ಊರುಗಳಲ್ಲಿ ಅವಳನ್ನು ಮೊದಲು ಶಾಲೆಗೆ ಕರೆತಂದದ್ದು ಮೇಷ್ಟ್ರ ಮನೆಯ ಅಮ್ಮಾವ್ರ ಮಾತು.

ಈ ಸೀಮೆಯ ಶಾಲೆಗಳಲ್ಲಿ ಅಕ್ಷರ ಕಲಿತವರ ಕೀರ್ತಿಯು ನಾಡನ್ನೆಲ್ಲ ವ್ಯಾಪಿಸಿದೆಯೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಅಕ್ಕಿಹೆಬ್ಬಾಳು ೧೯೦೦ರಲ್ಲಿ ಎ. ಎನ್. ಮೂರ್ತಿರಾಯರನ್ನೂ, ಮೇಲುಕೋಟೆಯು ೧೯೦೫ರಲ್ಲಿ ಪು. ತಿ. ನರಸಿಂಹಾಚಾರ್ಯರನ್ನೂ, ಕಿಕ್ಕೇರಿಯು ೧೯೧೫ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರನ್ನೂ ಕೊಟ್ಟುವು. ನಾಗಮಂಗಲದ ಸೀಮೆಯಿಂದ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರೂ ಅಂಬಲಜೀರಹಳ್ಳಿಯ ಜೀ. ಶಂ. ಪರಮಶಿವಯ್ಯನವರೂ ಹೊರಟು, ಹಳ್ಳಿಗರ ಹಾಡು ಕಥೆಗಳನ್ನು ಸಂಗ್ರಹಿಸಿ ಜಾನಪದಕ್ಕೆ ವಿದ್ವತ್ತಿನ ಪೀಠವನ್ನು ದೊರಕಿಸಿದರು. ಶಿಷ್ಯರ ಹೆಸರು ನಮಗೆ ಕಂಠಸ್ಥವಾಗಿದೆ. ಗುರುಗಳ ಹೆಸರನ್ನು ಕೇಳಿದರೆ ತಡವರಿಸುತ್ತೇವೆ.

ಈ ಮರೆವಿಗೆ ಮದ್ದನ್ನು ಹುಡುಕುವವರು ಐರ್ಲೆಂಡಿನ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಬಹುಸಂಖ್ಯಾತರಾದ ಕ್ಯಾಥೊಲಿಕರು ಶಾಲೆ ನಡೆಸಬಾರದೆಂಬ ಕಾನೂನಿದ್ದ ಹದಿನೆಂಟನೆಯ ಶತಮಾನದಲ್ಲಿ, ಆ ದೇಶದ ಹಳ್ಳಿಯ ಗುರುವು ಬೇಲಿಯ ಮರೆಯಲ್ಲಿಯೂ ಕೊಟ್ಟಿಗೆಯಲ್ಲಿಯೂ ಮಕ್ಕಳನ್ನು ಕೂಡಿಸಿಕೊಂಡು, ತಂದೆತಾಯಿಗಳು ಕೊಟ್ಟ ಬೆಣ್ಣೆ ಆಲೂಗೆಡ್ಡೆಗಳಿಂದ ಹೊಟ್ಟೆ ಹೊರೆಯುತ್ತಿದ್ದನು. ನಮ್ಮ ಐಗಳಿಗೂ ಅವನಿಗೂ ಬಹಳ ಅಂತರವಿಲ್ಲ. ೧೮೩೧ರಲ್ಲಿ ಅಲ್ಲಿ ಸರ್ಕಾರದ ರಾಷ್ಟ್ರೀಯ ಶಾಲೆಗಳು ಬಂದ ಮೇಲೆ ಬೇಲಿಶಾಲೆಗಳು ಕ್ರಮೇಣ ಅಳಿದುವು. ಮುಂದೆ ೧೯೩೭ರಿಂದ ೧೯೩೯ರ ವರೆಗೆ ಐರಿಷ್ ಜಾನಪದ ಆಯೋಗವು ಸುಮಾರು ೫,೦೦೦ ಪ್ರಾಥಮಿಕ ಶಾಲೆಗಳ ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಕೈಗೆ ಬರೆಯುವ ಪುಸ್ತಕವನ್ನು ಕೊಟ್ಟು, ಮನೆಯ ಮುದುಕರನ್ನೂ ನೆರೆಯವರನ್ನೂ ಕೇಳಿ ಬರೆದು ತರಲು ಹೇಳಿತು. ಕೇಳಬೇಕಾದ ವಿಷಯಗಳ ಪಟ್ಟಿಯಲ್ಲಿ ಹಳೆಯ ಶಾಲೆಗಳೂ ಒಂದಾಗಿದ್ದುದರಿಂದ ಎಲ್ಲಿ ಪಾಠ ನಡೆಯುತ್ತಿದ್ದಿತು, ಗುರುವು ಯಾವ ಊರಿನವನು, ಅವನಿಗೆ ಏನು ಕೊಡುತ್ತಿದ್ದರು, ಹೇಗೆ ದಂಡಿಸುತ್ತಿದ್ದನು ಎಂಬುದೆಲ್ಲ ಮಕ್ಕಳ ಕೈಬರಹದಲ್ಲಿ ದಾಖಲಾಯಿತು. ಸುಮಾರು ೭,೪೦,೦೦೦ ಪುಟಗಳ ಆ ಭಂಡಾರವು ಇಂದು ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸುರಕ್ಷಿತವಾಗಿದೆ. ಮೇಷ್ಟ್ರುಗಳ ಮೇಲ್ವಿಚಾರಣೆಯಲ್ಲಿ ಮಕ್ಕಳೇ ಅದನ್ನು ಮಾಡಿ ಮುಗಿಸಿದರೆಂಬುದು ಅದರ ಹಿರಿಮೆ.

ನಮ್ಮಲ್ಲಿ ಹಾಡನ್ನೂ ಕಥೆಯನ್ನೂ ಸಂಗ್ರಹಿಸಿದವರು ಉಂಟು. ಶಾಲೆಯ ನೆನಪನ್ನು ಶಾಲೆಯ ಮಕ್ಕಳಿಂದಲೇ ಸಂಗ್ರಹಿಸುವ ಕೆಲಸವು ಮಾತ್ರ ಬಾಕಿಯಿದೆ. ಅದಕ್ಕೆ ದೊಡ್ಡ ಅನುದಾನವು ಬೇಕಿಲ್ಲ. ಹೋಬಳಿಯ ಪ್ರತಿಯೊಂದು ಶಾಲೆಯ ಬೀರುವಿನಲ್ಲಿಯೂ ಹಳೆಯ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಸಂದರ್ಶಕರ ಪುಸ್ತಕಗಳು ಇರಬೇಕು. ಅವುಗಳ ಮೇಲಿನ ಗೆದ್ದಲನ್ನು ಮೊದಲು ಕೊಡವಿ, ಹಾಳೆಹಾಳೆಯನ್ನೂ ಚಿತ್ರ ತೆಗೆಸಿ ಇಟ್ಟುಕೊಳ್ಳುವುದು ಮುಖ್ಯೋಪಾಧ್ಯಾಯರಿಂದ ಆಗತಕ್ಕ ಕೆಲಸ. ಅಲ್ಲಿ ಸಹಿ ಮಾಡಿರುವ ಮೇಷ್ಟ್ರುಗಳ ಹೆಸರನ್ನು ಕ್ರಮವಾಗಿ ಪಟ್ಟಿ ಮಾಡಿ, ಒಂದೊಂದು ಹೆಸರನ್ನೂ ಒಬ್ಬೊಬ್ಬ ಏಳನೆಯ ತರಗತಿಯ ವಿದ್ಯಾರ್ಥಿಗೆ ಕೊಟ್ಟು, ‘ನಿಮ್ಮಜ್ಜನನ್ನು, ನಿಮ್ಮಜ್ಜಿಯನ್ನು ಕೇಳಿ, ಅವರು ಆಡಿದ ಮಾತಿನಲ್ಲಿಯೇ ಬರೆದುಕೊಂಡು ಬಾ’ ಎಂದು ಕಳುಹಿಸಬೇಕು. ಹೊಗಳಿಕೆಯನ್ನು ಮಾತ್ರವಲ್ಲದೆ ಏಟನ್ನೂ, ಹೊರಗೆ ಕೂರಿಸಿದುದನ್ನೂ, ಅರ್ಧಕ್ಕೆ ಬಿಟ್ಟುದನ್ನೂ ಬರೆಯಿಸಬೇಕು. ಆ ಬರಹಗಳನ್ನು ಒಟ್ಟುಗೂಡಿಸಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸುವ ಹೊಣೆಯನ್ನು ಹಳೆಯ ವಿದ್ಯಾರ್ಥಿಗಳಾದ ನಾವು ವಹಿಸಿಕೊಳ್ಳೋಣ. ಐಗಳ ಮಠವನ್ನು ಕಂಡವರು ಆಗಲೇ ತೀರಿಹೋದರು. ಹೋಬಳಿ ಶಾಲೆಯ ಮೇಷ್ಟ್ರನ್ನು ಕಂಡವರು ಇನ್ನೂ ಕೆಲವರು ಊರೂರಿನಲ್ಲಿ ಇದ್ದಾರೆ. ಈ ವರ್ಷವೇ ಕೇಳತಕ್ಕದ್ದು.